ಮಾಲಕರು ಮಲಗಿದ್ದಾರೆ, ಬೆಲ್ ಬಾರಿಸಬೇಡಿ

ನಮ್ಮ ಕಂಪನಿಯ ಮುಖ್ಯ ಕಚೇರಿ ಪುಣೆಯ ಕೊಂಢವಾದಲ್ಲಿ, ಮೂರನೇ ಮಹಡಿಯ ನಮ್ಮ ಮನೆಯ ಊಟದ ಟೇಬಲ್ಲಿನ ಉತ್ತರದ ತುದಿಯಲ್ಲಿದೆ. ದಕ್ಷಿಣದ ತುದಿಯಲ್ಲಿ ಹೆಂಡತಿ ಕೂತು ಮೆಂತ್ಯದ ಸೊಪ್ಪು ಸೋಸುತ್ತಾಳೆ. ನಡುವೆ ಉಪ್ಪಿನಕಾಯಿಯ ಬರಣಿ ಗಡಿಕಲ್ಲಿನ ಹಾಗೆ ನಿಂತಿರುತ್ತದೆ. ಪಕ್ಕದ ಜಾಗದಲ್ಲಿ ನಾಲ್ಕು ವರ್ಷದಿಂದ ಒಂದು ಕಟ್ಟಡ ಏಳುತ್ತಲೇ ಇದೆ. ಅಲ್ಲಿ ನೆಲಕ್ಕೆ ಹಾಸುವ ಫರಶಿ ಕೊಯ್ಯುವ ಯಂತ್ರದ ಸದ್ದನ್ನು ಫೋನಿನಲ್ಲಿ ಕೇಳಿದ ಪರದೇಶದ ಗಿರಾಕಿಗಳು, ನಮ್ಮದು ದೊಡ್ಡ ಕಾರ್ಖಾನೆಯೇ ಇರಬೇಕು ಎಂದು ತಿಳಿದಿದ್ದಾರೆ. ನಾನು ತಿದ್ದಲು ಹೋಗಿಲ್ಲ.

ಒಂದು ಕಾಲದಲ್ಲಿ ವಿಮಾನ ನಗರದಲ್ಲಿ ಗಾಜಿನ ಬಾಗಿಲಿನ ಒಂದು ಖೋಲಿಯನ್ನು ಬಾಡಿಗೆಗೆ ಹಿಡಿದದ್ದೂ ಉಂಟು. ಕಂಪನಿಯ ಉಳಿದ ಆರು ಜನ ಆರು ಊರುಗಳಲ್ಲಿ ತಮ್ಮ ತಮ್ಮ ಮನೆಯಲ್ಲೇ ಕೂತು ಕೆಲಸ ಮಾಡುವವರಾದ್ದರಿಂದ ಆ ಖೋಲಿಗೆ ದಿನಾ ನಾನೊಬ್ಬನೇ ಹೋಗುತ್ತಿದ್ದೆ. ತಲೆಯ ಮೇಲೆ ಇಳಿಯುವ ವಿಮಾನಗಳಲ್ಲಿ ಯಾವುದಾದರೂ ಒಂದು ನಮ್ಮ ಕಟ್ಟಡಕ್ಕೆ ತಗುಲಿದರೆ ಏನು ಗತಿ ಎಂದು ಸಂಜೆಯವರೆಗೆ ಚಿಂತೆ ಮಾಡಿ ಮನೆಗೆ ಬರುತ್ತಿದ್ದೆ. "ಅಷ್ಟ ಚಿಂತಿ ಮನ್ಯಾಗೂ ಮಾಡಬಹುದಲ್ರೀ, ಬಾಡಿಗಿ ಉಳೀತದ" ಎಂದು ಹೆಂಡತಿ ಅಂದ ಮೇಲೆ ಖೋಲಿ ಬಿಟ್ಟೆ.

ನಮ್ಮ ದಂಧೆ ಇಷ್ಟೇ. ಇಂಟರ್ನೆಟ್ಟಿನಲ್ಲಿ ಅಂಗಡಿ ತೆರೆಯುವವರು ಜಗತ್ತಿನ ತುಂಬ ಇದ್ದಾರೆ. ಅವರಿಗೆ ಅಂಗಡಿ ಕಟ್ಟಿಕೊಡುವ ದೊಡ್ಡ ಕಂಪನಿಗಳು ಬೇರೆ ಇವೆ. ಆ ಅಂಗಡಿಗೆ ಆಮೇಲೆ ಒಂದು ಕೊಕ್ಕೆ, ಒಂದು ಮೊಳೆ, ಬಿಸಿಲಿಗೊಂದು ತಗಡು ಬೇಕಾಗುತ್ತದಲ್ಲ, ಅದನ್ನು ಹಾಕಿಕೊಡುವವರು ನಾವು. ನಮ್ಮ ಭಾಷೆಯಲ್ಲಿ ಪ್ಲಗಿನ್. ನೆಂಟರ ಮದುವೆಗಳಲ್ಲಿ ಇದನ್ನು ವಿವರಿಸಿ ವಿವರಿಸಿ ಸೋತು, ಈಗ "ಕಂಪ್ಯೂಟರ್ ರಿಪೇರಿ" ಎಂದುಬಿಡುತ್ತೇನೆ. ಕೂಡಲೇ ಯಾರಾದರೂ ಕೆಟ್ಟ ಪ್ರಿಂಟರಿನ ಕಥೆ ತೆಗೆಯುತ್ತಾರೆ, ನಾನು ಕೇಳಿಸಿಕೊಳ್ಳುತ್ತೇನೆ.

ಕಣ್ಣಿಗೆ ಕಾಣದ ನೌಕರರನ್ನು ಇಟ್ಟುಕೊಂಡವನಿಗೆ ಬರುವ ರೋಗ ಒಂದೇ, ಅವರು ನಿಜವಾಗಿಯೂ ಇದ್ದಾರೆಯೇ ಎಂಬ ಸಂಶಯ. ಇದಕ್ಕೆ ಕೆಲವರು ಕ್ಯಾಮೆರಾ ಇಡುತ್ತಾರಂತೆ. ನಾನು ಅದಕ್ಕೆ ನಾಚಿ ಬೇರೊಂದು ಪದ್ಧತಿ ಮಾಡಿದೆ. ಬೆಳಿಗ್ಗೆ ಒಂಬತ್ತಕ್ಕೆ ಎಲ್ಲರೂ ಕಂಪನಿಯ ಮೆಸೇಜ್ ಗುಂಪಿನಲ್ಲಿ "ಚಹಾ ಆತು" ಎಂದು ಬರೆಯಬೇಕು. ಅಲ್ಲಿಗೆ ಹಾಜರಿ ಮುಗಿಯಿತು. ಕೊಲ್ಹಾಪುರದ ನಮ್ಮ ಪ್ರೋಗ್ರಾಮರ್ ಜನ್ಮದಲ್ಲಿ ಚಹಾ ಕುಡಿದವನಲ್ಲ, ಆದರೂ ಪಾಪ, ಎಂಟು ವರ್ಷದಿಂದ ಬರೆಯುತ್ತಿದ್ದಾನೆ.

ಎಲ್ಲರಿಗಿಂತ ಮೊದಲು ಬರುವ "ಚಹಾ ಆತು" ಧಾರವಾಡದ್ದು. ನಾನು ಈ ಕಂಪನಿಯ ಮೊದಲನೇ ನೌಕರನಾದರೆ ಅಲ್ಲಿನ ಹೆಣ್ಣುಮಗಳು ಎರಡನೆಯವರು. ನಾನು ಅವರಿಗೆ "ಮೇಡಂ" ಎನ್ನುತ್ತೇನೆ, ಅವರು ನನಗೆ "ಸರ" ಎನ್ನುತ್ತಾರೆ. ಒಂಬತ್ತು ವರ್ಷದಲ್ಲಿ ಮುಖಾಮುಖಿ ಕಂಡದ್ದು ಒಮ್ಮೆ, ಹುಬ್ಬಳ್ಳಿಯ ಒಂದು ಮದುವೆಯಲ್ಲಿ. ದನಿಯಿಂದ ಗುರುತು ಹಿಡಿದೆ. ಪರದೆಯ ಮೇಲೆ ನೋಡಿ ನೋಡಿ ಅವರು ನನಗಿಂತ ಎತ್ತರ ಎಂದುಕೊಂಡಿದ್ದೆ, ಭುಜಕ್ಕೂ ಬರಲಿಲ್ಲ. ನಾನು ಪ್ರೋಗ್ರಾಂ ಬರೆಯುವುದನ್ನು ಬಿಟ್ಟು ಮಾಲಕನಾದ ಮೇಲೆ ನಮ್ಮ ಪ್ಲಗಿನ್‌ಗಳೆಲ್ಲ ಅವರ ತಲೆಯಲ್ಲೇ ಇವೆ. ಒಂಬತ್ತು ವರ್ಷದಲ್ಲಿ ಅವರ ಕೈಯಿಂದ ಒಂದೂ ತಪ್ಪು ಆಗಿರಲಿಲ್ಲ. ಇದನ್ನು ಅವರು ಎಂದೂ ಹೇಳಿಕೊಂಡವರಲ್ಲ, ಆದರೆ ಅದು ಅವರಿಗೆ ಗೊತ್ತಿತ್ತು. ಅದು ಗೊತ್ತಿರುವವರು ಕೂಡುವ ರೀತಿಯೇ ಬೇರೆ. ಅವರು ಕುರ್ಚಿಗೆ ಬೆನ್ನು ಹಚ್ಚುತ್ತಿರಲಿಲ್ಲ.

ನಮ್ಮ ಪ್ಲಗಿನ್‌ಗಳಲ್ಲಿ ಎಲ್ಲಕ್ಕಿಂತ ಹೆಚ್ಚು ನಡೆಯುವುದು ಅಂಗಡಿ ಮುಚ್ಚುವ ಪ್ಲಗಿನ್. ಜಗತ್ತಿನ ಬುದ್ಧಿವಂತರೆಲ್ಲ ಅಂಗಡಿಯನ್ನು ಇಪ್ಪತ್ನಾಲ್ಕು ತಾಸು ತೆರೆದಿಡುವುದು ಹೇಗೆಂದು ತಲೆ ಕೆಡಿಸಿಕೊಳ್ಳುವಾಗ ನಾವು ಅದನ್ನು ಮುಚ್ಚುವುದನ್ನು ಮಾರುತ್ತೇವೆ. ಈ ವಿಚಾರ ನನ್ನದಲ್ಲ, ನನ್ನ ಸೋದರಮಾವನದು. ಮಾಮಾ ಬೆಳಗಾವಿಯಿಂದ ಹರೆಯದಲ್ಲಿ ಪುಣೆಗೆ ಬಂದು, ಹಳೆಯ ಪೇಠೆಯೊಳಗೆ ಇಳಕಲ್ ಸೀರೆಯ ಅಂಗಡಿ ಇಟ್ಟವನು. ಆ ಪೇಠೆಗಳಲ್ಲಿ ಮಧ್ಯಾಹ್ನ ಒಂದರಿಂದ ನಾಲ್ಕರವರೆಗೆ ಅಂಗಡಿ ಬಂದ್. ಊಟ, ಆಮೇಲೆ ನಿದ್ದೆ. ಸಾಕ್ಷಾತ್ ಲಕ್ಷ್ಮಿಯೇ ಬಂದರೂ ನಾಲ್ಕಕ್ಕೆ ಬರಬೇಕು. ನಾನು ಮಾಮಾನ ಅಂಗಡಿಯನ್ನು ಇಂಟರ್ನೆಟ್ಟಿಗೆ ಹಾಕಿಕೊಟ್ಟಾಗ ಅವನು ಕೇಳಿದ ಮೊದಲ ಪ್ರಶ್ನೆ, "ಇದು ಮಧ್ಯಾಹ್ನ ಎಷ್ಟಕ್ಕ ಮುಚ್ಚತದ?" ಮುಚ್ಚುವುದಿಲ್ಲ ಎಂದೆ. "ಹಂಗಾರ ಬ್ಯಾಡ" ಎಂದ. ಅವನ ಬಾಯಿ ಮುಚ್ಚಿಸಲು ಧಾರವಾಡದ ಮೇಡಂ ಎರಡು ದಿನದಲ್ಲಿ ಬರೆದುಕೊಟ್ಟದ್ದೇ ಆ ಪ್ಲಗಿನ್. ನಾವು ಬೇಕೆಂದ ಹೊತ್ತಿಗೆ ಅಂಗಡಿಗೆ ತಾನಾಗಿ ಬಾಗಿಲು ಬಿದ್ದು, ನಾವು ಬರೆದ ಒಂದು ಬೋರ್ಡು ತೂಗುತ್ತದೆ. ನಗೆಗೆಂದು ಮಾರಾಟಕ್ಕಿಟ್ಟೆವು. ಬೇರೆ ಬೇರೆ ದೇಶಗಳಲ್ಲಿ ಕೂತು ಕಣ್ಣು ಕೆಂಪಗಾದ ಎಷ್ಟೋ ಅಂಗಡಿಕಾರರು ಅದನ್ನು ಕೊಂಡರು. ಮಲಗಲು ಅಪ್ಪಣೆ ಕೊಡುವವರಿಗಾಗಿ ಅವರೆಲ್ಲ ಕಾಯುತ್ತಿದ್ದರೆಂದು ಕಾಣುತ್ತದೆ. ನಾನು ಮಾತ್ರ ಮಧ್ಯಾಹ್ನ ಒಂದು ದಿನವೂ ಮಲಗಿದವನಲ್ಲ. ಮಲಗಿದರೆ ಏನಾದರೂ ಆಗುತ್ತದೆ.

ಚಿಂತೆಯ ಮಾತು ಬಂತು. ನನ್ನ ಚಿಂತೆಗಳನ್ನೆಲ್ಲ ಒಂದು ಕಡೆ ಬರೆದಿಟ್ಟಿದ್ದೇನೆ, ಅದಕ್ಕೆ ಕಂಪನಿಯ ನಿಯಮಾವಳಿ ಎನ್ನುತ್ತೇವೆ. ನಲವತ್ತೊಂದು ಪುಟ. ಎಲ್ಲರೂ ಓದಿ ಸಹಿ ಮಾಡಬೇಕು. ಪ್ರತಿ ತಿಂಗಳು ಪಾಸ್‌ವರ್ಡ್ ಬದಲಿಸಬೇಕು ಎನ್ನುವುದು ಆರನೇ ಪುಟ. ಒಬ್ಬರ ಪಾಸ್‌ವರ್ಡಿನಲ್ಲಿ ಇನ್ನೊಬ್ಬರು ಕೆಲಸ ಮಾಡಬಾರದು ಎನ್ನುವುದು ಏಳನೇ ಪುಟ. ಎಲ್ಲಕ್ಕಿಂತ ಚೆನ್ನಾಗಿ ಬರೆದದ್ದು ಹನ್ನೆರಡನೇ ಪುಟ. ತಪ್ಪು ಮಾಡಿದವರು ಅದೇ ಕ್ಷಣ ಗುಂಪಿನಲ್ಲಿ ಒಪ್ಪಿಕೊಳ್ಳಬೇಕು, ಒಪ್ಪಿಕೊಂಡವರನ್ನು ಯಾರೂ ಒಂದು ಮಾತು ಅನ್ನಬಾರದು. ಈ ಪುಟವನ್ನು ಓದಿ ನನಗೇ ಕಣ್ಣು ತುಂಬಿ ಬಂದಿತ್ತು.

ಹೋದ ವರ್ಷದ ಒಂದು ಸೋಮವಾರ ಬೆಳಿಗ್ಗೆ ಎಂಟಕ್ಕೆ ಮಾಮಾನ ಫೋನು ಬಂತು.

"ಲೇ, ನಿನ್ನೆ ಒಂದೂ ಹತ್ತಕ್ಕ ಆರ್ಡರ್ ಬಂತು. ನಾ ತಾಟಿನ ಮುಂದ ಕೂತಿದ್ದೆ, ಫೋನ್ ಕುಂಯ್ ಅಂತು."

"ಬಂದ್ರ ಚಲೋನ ಆತಲ್ಲ ಮಾಮಾ?"

"ಏನ್ ಚಲೋ? ಬಂದ್ ಇದ್ದ ಅಂಗಡಿ ಖಿಡಕ್ಯಾಗಿಂದ ಕೈ ಹಾಕಿ ಸೀರಿ ಎಳಕೊಂಡು ಹೋದಂಗ ಆತು. ಜಗತ್ತಿಗೆಲ್ಲಾ ಮಲಗ್ಸತಿ, ಸ್ವಂತ ಮಾಮಾನ್ನ ಊಟಕ್ಕ ಕೂಡ್ಲಿಕ್ಕೆ ಬಿಡೂದಿಲ್ಲ."

ಅವನೇ ಏನನ್ನೋ ಒತ್ತಿ ತನ್ನ ಅಂಗಡಿಯ ವೇಳೆಯನ್ನು ಅಳಿಸಿಕೊಂಡಿದ್ದ. ಮೇಡಂ ಬರುವವರೆಗೆ ತಡೆ ಎಂದರೆ ಕೇಳಲಿಲ್ಲ. "ನೀ ಮಾಲಕ ಹೌದೋ ಅಲ್ಲೋ?" ಎಂದ. ಮಾಡಿಕೊಡುತ್ತೇನೆ ಎಂದೆ. ಅವನು ಇದೇ ಹೊತ್ತಿನಲ್ಲಿ ಬೋರ್ಡನ್ನೂ ಹೊಸದು ಮಾಡು ಎಂದು ಮರಾಠಿಯಲ್ಲಿ ಹೇಳಿ ಬರೆಸಿದ. "ದುಕಾನ ಏಕ ತೇ ಚಾರ ಬಂದ. ಮಾಲಕ ಝೋಪಲೇ ಆಹೇತ. ಬೆಲ್ ವಾಜವೂ ನಯೇ. ವಾಜವಲ್ಯಾಸ ಮಾಲ ಮಿಳಣಾರ ನಾಹೀ." ಅಂದರೆ, ಮಾಲಕರು ಮಲಗಿದ್ದಾರೆ, ಬೆಲ್ ಬಾರಿಸಬೇಡಿ, ಬಾರಿಸಿದರೆ ಮಾಲು ಸಿಗುವುದಿಲ್ಲ. ಪುಣೆಯ ಹಳೆಯ ಪೇಠೆಗಳಲ್ಲಿ ಇಂಥ ಬೋರ್ಡು ಬರೆಯುವುದೇ ಒಂದು ಕಲೆ. ಗಿರಾಕಿಗೆ ಅವಮಾನವಾಗಬೇಕು, ವ್ಯಾಕರಣ ತಪ್ಪಬಾರದು.

"ಮಾಮಾ, ಕಂಪ್ಯೂಟರಿನ ಅಂಗಡಿಗೆ ಬೆಲ್ ಎಲ್ಲಿರತದ?"

"ಇರ್ಲಿ ಬಿಡು. ಓದಿದವರಿಗೆ ತಿಳೀತದ."

ಆ ತಿಂಗಳು ಬದಲಿಸಿದ ಪಾಸ್‌ವರ್ಡು ನನಗೆ ನೆನಪಾಗಲಿಲ್ಲ. ಆರನೇ ಪುಟದ ಕೃಪೆ. ಆದರೆ ಚಿಂತೆಯ ಮನುಷ್ಯ ಇಂಥ ಹೊತ್ತಿಗೆಂದೇ ಒಂದು ಹಳೆಯ ಲ್ಯಾಪ್‌ಟಾಪನ್ನು ಕಪಾಟಿನಲ್ಲಿ ಚಾರ್ಜು ಮಾಡಿ ಇಟ್ಟಿರುತ್ತಾನೆ. ಅದನ್ನು ತೆರೆದೆ, ಏನೂ ಕೇಳದೆ ಒಳಗೆ ಬಿಟ್ಟಿತು. ಒಂದು ಕಡೆ ಮಾಮಾನ ಅಂಗಡಿಯ ವೇಳೆ ತುಂಬುವ ಜಾಗ, ಇನ್ನೊಂದು ಕಡೆ, ವೇಳೆಯನ್ನು ಖಾಲಿ ಬಿಟ್ಟ ಎಲ್ಲ ಅಂಗಡಿಗಳಿಗೂ ಅನ್ವಯಿಸುವ ಜಾಗ. ನೋಡಲು ಅಕ್ಕತಂಗಿಯರ ಹಾಗೆ ಇವೆ. ತುಂಬಿದೆ, ಒತ್ತಿದೆ, ಮುಚ್ಚಿದೆ. ಬಹಳ ದಿನದ ಮೇಲೆ ಕೈಯಾರೆ ಕೆಲಸ ಮಾಡಿದ ಹುರುಪಿನಲ್ಲಿ ಕೊತ್ತಂಬರಿ ತರಲು ಹೋದೆ.

ಒಂಬತ್ತಕ್ಕೆ ಎಲ್ಲರ "ಚಹಾ ಆತು" ಬಂತು. ಒಂಬತ್ತೂ ಇಪ್ಪತ್ತಕ್ಕೆ ಆಸ್ಟ್ರೇಲಿಯಾದ ಒಬ್ಬ ಮೇಣದಬತ್ತಿ ವ್ಯಾಪಾರಗಾರ್ತಿಯ ಇಮೇಲ್ ಕಾಗದ ಬಂತು. ಅವರ ಮಧ್ಯಾಹ್ನ ಒಂದು ಹೊಡೆಯುತ್ತಲೇ ಅಂಗಡಿ ತಾನಾಗಿ ಮುಚ್ಚಿದೆ, ಬಾಗಿಲಿನ ಮೇಲೆ ಗೊತ್ತಿಲ್ಲದ ಲಿಪಿಯಲ್ಲಿ ಏನೋ ಬರೆದಿದೆ, ಇದು ಶಾಪವೇ? ಅವರ ಬೆನ್ನಿಗೆ ನಾಯಿಗಳ ಅಂಗಿ ಮಾರುವವನು, ಅವನ ಬೆನ್ನಿಗೆ ಮದುವೆ ಕಾರ್ಡಿನವರು.

ಆಕೆ ಜೊತೆಗೆ ಕಳಿಸಿದ ಬಾಗಿಲಿನ ಚಿತ್ರ ನೋಡಿದ ಕೂಡಲೇ ನನಗೆ ತಿಳಿಯಿತು. ಮಾಮಾನ ಬೋರ್ಡು. ಮಾಲಕ ಝೋಪಲೇ ಆಹೇತ. ನಾನು ತುಂಬಿದ್ದು ಎಲ್ಲ ಅಂಗಡಿಗಳ ಜಾಗ. ಗಡಿಯಾರ ನೋಡಿದೆ. ಹತ್ತೂವರೆಗೆ ಸಿಂಗಪುರಕ್ಕೆ ಒಂದು ಗಂಟೆಯಾಗುತ್ತದೆ, ಆಮೇಲೆ ನಮ್ಮ ದೇಶ, ದುಬೈ, ಸಂಜೆಗೆ ಲಂಡನ್. ಸೂರ್ಯ ಮುಂದೆ ಸಾಗಿದ ಹಾಗೆ ಭೂಮಂಡಲದ ಅಂಗಡಿಗಳೆಲ್ಲ ಒಂದೊಂದಾಗಿ ಊಟ ಮಾಡಿ ಮಲಗುವುದು ಕಣ್ಣಿಗೆ ಕಟ್ಟಿತು.

ಗುಂಪಿನಲ್ಲಿ ಧಾರವಾಡದಿಂದ ಒಂದೇ ಸಾಲು ಬಂತು. "ಎಲ್ಲಾರೂ ಕೈ ತಗೀರಿ, ನಾ ನೋಡ್ತೇನಿ." ಇಪ್ಪತ್ತು ನಿಮಿಷದಲ್ಲಿ ಸಿಂಗಪುರ ಉಳಿಯಿತು. ಆಮೇಲೆ, ಯಾರು ಬದಲಿಸಿದ್ದು ಎಂದು ಕೊಲ್ಹಾಪುರದವನು ದಾಖಲೆ ತೆಗೆದು ಗುಂಪಿಗೆ ಹಾಕಿದ. ಬೆಳಿಗ್ಗೆ ಎಂಟೂ ಹತ್ತು. ಹೆಸರು, ಧಾರವಾಡದ ಮೇಡಮ್ಮರದು.

ಆಗ ನೆನಪಾಯಿತು. ಐದು ವರ್ಷದ ಹಿಂದೆ ಅವರ ಯಂತ್ರ ಕೆಟ್ಟಾಗ ಈ ಹಳೆಯ ಲ್ಯಾಪ್‌ಟಾಪನ್ನೇ ಅವರಿಗೆ ಕಳಿಸಿದ್ದೆ. ಪಾಸ್‌ವರ್ಡ್ ಬದಲಾದರೂ ಕೆಡದ ಒಂದು ಕೀಲಿ ಅವರ ಹೆಸರಿನಲ್ಲಿ ಅದರೊಳಗೆ ಹಾಗೆಯೇ ಉಳಿದಿತ್ತು, ಯಂತ್ರ ವಾಪಸು ಬಂದು ನನ್ನ ಕಪಾಟಿನಲ್ಲಿ ಕೂತಿತ್ತು. ಆ ಕೀಲಿಯನ್ನು ಅಳಿಸಬೇಕಾಗಿದ್ದವನು ನಾನೇ. ಏಳನೇ ಪುಟ.

ಹನ್ನೊಂದಕ್ಕೆ ಎಲ್ಲರನ್ನೂ ವಿಡಿಯೋ ಕರೆಗೆ ಕರೆದೆ. ಏಳು ಚೌಕ, ಏಳು ಮುಖ. ಮೇಡಂ ಮೊದಲೇ ಮಾತಾಡಿದರು.

"ನನ್ನ ಹೆಸರ್ಲೆ ಆಗೇದ್ರಿ. ನನಗ ಮಾಡಿದ್ದು ನೆನಪಿಲ್ಲ. ಆದ್ರ ದಾಖಲೆ ಸುಳ್ಳು ಹೇಳೂದಿಲ್ಲಲ್ಲ. ನನ್ನ ಕೈಲೇ ಆಗಿರಬೇಕು."

ಅವರು ಬೆನ್ನನ್ನು ಕುರ್ಚಿಗೆ ಹಚ್ಚಿದ್ದರು.

ನಾನು ಬಾಯಿ ತೆರೆದೆ. ಆಣೆ ಮಾಡಿ ಹೇಳುತ್ತೇನೆ, ತೆರೆದೆ. ಮೇಡಂ, ಅದು ನಿಮ್ಮದಲ್ಲ, ನಾನು, ನನ್ನ ಮಾಮಾ, ಕಪಾಟು, ಎಂದು ಎಲ್ಲವನ್ನೂ ಒಂದು ನಿಮಿಷದವರೆಗೆ ಹೇಳಿದೆ. ಎಲ್ಲರೂ ನನ್ನನ್ನೇ ನೋಡುತ್ತಿದ್ದರು. ಇಂಥ ಮಾತು ಎಂಥ ಶಾಂತಿಯನ್ನು ತರುತ್ತದೆ ಎಂದು ಹನ್ನೆರಡನೇ ಪುಟದಲ್ಲಿ ನಾನೇ ಬರೆದದ್ದು ನಿಜ ಅನ್ನಿಸಿತು. ಆಗ ಕೊಲ್ಹಾಪುರದವನು ಅಂದ, "ಸರ, ನಿಮ್ಮ ಮೈಕ್ ಬಂದ್ ಅದ."

ಫರಶಿ ಯಂತ್ರದ ಗದ್ದಲಕ್ಕೆಂದು ಬಂದ್ ಮಾಡಿಕೊಂಡಿದ್ದೆ. ತೆರೆದೆ. ಆದರೆ ಧೈರ್ಯ ಎನ್ನುವುದು ನನಗೆ ಒಮ್ಮೆ ಸುರಿಯುವಷ್ಟು ಮಾತ್ರ ಬರುತ್ತದೆ, ಅದು ಖಾಲಿಯಾಗಿತ್ತು.

"ಏನಿಲ್ಲ," ಎಂದೆ. "ಎಲ್ಲಾರೂ ಇನ್ನ ಸ್ವಲ್ಪ ಜ್ವಾಕಿಲೆ ಇರೋಣ ಅಂದೆ."

ಮಂಗಳವಾರ ಮನಸ್ಸಿಗೆ ಸಮಾಧಾನ ಹೇಳಿಕೊಂಡೆ. ನಾನು ಹೇಳಿದ್ದಂತೂ ಹೇಳಿದ್ದೇನೆ, ಅವರಿಗೆ ಕೇಳಿಸದಿದ್ದರೆ ಅದು ತಾಂತ್ರಿಕ ದೋಷ. ಆ ಹೊತ್ತಿಗೆ ಮೇಣದಬತ್ತಿಯ ಹೆಂಗಸಿಗೆ ನಮ್ಮವರು ಬೋರ್ಡಿನ ಅರ್ಥವನ್ನು ಬರೆದು ಕಳಿಸಿದ್ದರು. ಆಕೆ ಅದನ್ನು ಇಂಗ್ಲಿಷಿನಲ್ಲಿ ತನ್ನ ಅಂಗಡಿಗೆ ಕಾಯಂ ಹಾಕಿಕೊಡಿ ಎಂದು ಕೇಳಿದಳು. ಅಂದರೆ ಹೊರಗೆ ಯಾರಿಗೂ ನಷ್ಟವಾಗಲಿಲ್ಲ. ಇದನ್ನು ನನಗೆ ನಾನೇ ದಿನಕ್ಕೆ ಐದಾರು ಸಲ ಹೇಳಿಕೊಂಡೆ.

ಆದರೆ ಧಾರವಾಡದಿಂದ ಬರುವ ಸಾಲುಗಳು ಬದಲಾದವು. ಒಂಬತ್ತು ವರ್ಷದಲ್ಲಿ ಯಾರನ್ನೂ ಏನನ್ನೂ ಕೇಳದವರು ಕೊಲ್ಹಾಪುರದವನಿಗೆ ಬರೆಯುತ್ತಿದ್ದರು, "ಇದೊಂದು ನೋಡಿಕೊಡ್ತೀಯಾ?" ಅರ್ಧ ತಾಸಿಗೆ ಮತ್ತೆ, "ಇದೂ ಒಮ್ಮೆ ನೋಡು." ಎರಡು ಅಕ್ಷರ ಬದಲಿಸಿದರೂ ಇನ್ನೊಬ್ಬರ ಕಣ್ಣು ಬೇಕು. ಅವನಿಗೆ ಕೆಲಸ ಕಲಿಸಿದವರೇ ಅವರು. ಅವನು ಗಾಬರಿಯಾಗಿ ಪ್ರತಿ ಸಲ "ಬರೋಬ್ಬರಿ ಅದರಿ ಅಕ್ಕಾ" ಎಂದು ಉತ್ತರಿಸುತ್ತಿದ್ದ. ಬುಧವಾರ ಮಧ್ಯಾಹ್ನ ಮೇಡಂ ಅವರಿಂದ ನನಗೊಂದು ಕಾಗದ ಬಂತು. ತಿಂಗಳ ಕೊನೆಗೆ ಬಿಡುತ್ತೇನೆ, ಮಾಡಿದ್ದೂ ನೆನಪಿರದಂಥ ತಪ್ಪು ಕೈಯಿಂದ ಆಗತೊಡಗಿದರೆ ಈ ಕೆಲಸದಲ್ಲಿ ಇರಬಾರದು, ಯಾರ ಮೇಲೂ ಬೇಸರವಿಲ್ಲ. ನಾಲ್ಕೇ ಸಾಲು. ಕೆಳಗೆ, ಹನ್ನೆರಡನೇ ಪುಟದಂತೆ ಯಾರೂ ಒಂದು ಮಾತು ಅನ್ನಲಿಲ್ಲ, ಅದಕ್ಕೆ ಧನ್ಯವಾದ ಎಂದಿತ್ತು.

ಗುರುವಾರ ಬೆಳಿಗ್ಗೆ ಆ ಕಾಗದವನ್ನು ಹೆಂಡತಿಗೆ ತೋರಿಸಿ, ನಡೆದದ್ದನ್ನೂ ಹೇಳಿದೆ. ಅವಳು ಬರಣಿಯ ಆಚೆಯಿಂದ ಕೇಳಿದಳು.

"ಅವರಿಗೆ ಹೇಳೀರೇನು?"

"ಒಂದು ಪತ್ರ ಬರೀಲಿಕ್ಕತ್ತೇನಿ. ಇದು ವ್ಯವಸ್ಥಾದ ದೋಷ ಅಂತ. ಆ ಎರಡು ಜಾಗ ಒಂದೇ ಥರಾ ಕಾಣೂದ..."

"ನಾ ಅದನ್ನ ಕೇಳಿಲ್ಲ."

"ಅವರು ಒಪ್ಪಿಕೊಂಡು ಬಿಟ್ಟಾರಲ್ಲ ಈಗ. ನಾ ಹೇಳಿದ್ರ ಅವರಿಗೆ ಮುಜುಗರ ಆಗತದ."

"ಅಯ್ಯ, ಎಷ್ಟ ಕಾಳಜಿ!" ಎಂದಳು. "ಮನ್ಯಾಗ ಸಕ್ಕರಿ ಡಬ್ಬಿ ಮುಚ್ಚಳ ಯಾರು ತಗದಿಟ್ರು ಅಂತ ಮೂರು ಸರ್ತಿ ಪಂಚಾಯ್ತಿ ಮಾಡ್ತೀರಿ. ಆ ಹೆಣ್ಣಮಗಳು ತನ್ನ ತಲಿ ಕೆಟ್ಟದ ಅಂತ ತಿಳಕೊಂಡು ಕೂತಾಳ ಅಲ್ಲಿ. ಫೋನ್ ತಗೋರಿ. ಮೈಕ್ ಚಾಲೂ ಅದನೋ ಇಲ್ಲೋ ನಾ ನೋಡ್ತೇನಿ."

ನಿಜವಾಗಿಯೂ ಎದ್ದು ಬಂದು ನನ್ನ ಪಕ್ಕದಲ್ಲಿ ಕೂತಳು.

ಫೋನಿನಲ್ಲಿ ಹೇಳಿದೆ. ಈ ಸಲ ಕಪಾಟು, ಮಾಮಾ ಎಂದು ಸುತ್ತದೆ, ಮೊದಲ ಮಾತಿಗೇ "ಅದು ನಾನು ಮಾಡಿದ್ದರಿ, ಸೋಮವಾರದಿಂದ ನನಗ ಗೊತ್ತದ" ಎಂದುಬಿಟ್ಟೆ. ಅವರ ಮೈಕು ಬಂದಾಗಿದೆಯೇನೋ ಎಂದು ಆಸೆಪಟ್ಟೆ.

"ಸೋಮವಾರದಿಂದ?" ಎಂದರು.

"ಹೌದ್ರಿ."

"ಮೂರು ದಿವಸ ನಾ ಗ್ಯಾಸ್ ಬಂದ್ ಮಾಡೇನೋ ಇಲ್ಲೋ ಅಂತ ನಾಕ್ನಾಕು ಸರ್ತಿ ಎದ್ದು ನೋಡೇನ್ರಿ ಸರ. ಮಗಳ ಫೀ ತುಂಬಿದ ಪಾವತಿ ತಗದು ತಗದು ನೋಡೇನಿ. ನಮ್ಮ ಮನಿಯವರು ಡಾಕ್ಟರ ಕಡೆ ಹೋಗೋಣ ಅನ್ಲಿಕ್ಕತ್ತಿದ್ರು." ದನಿ ಏರಿರಲಿಲ್ಲ. ಏರಿದ್ದರೆ ನನಗೆ ಹಗುರಾಗುತ್ತಿತ್ತು. "ತಪ್ಪು ಯಾರರೆ ಮಾಡ್ತಾರ. ನೀವು ಕೂತು ನೋಡ್ಕೋತ ಇದ್ರಲ್ಲ?"

ತಪ್ಪಾಯಿತು ಎಂದೆ. ಕಾಗದ ವಾಪಸು ತೆಗೆದುಕೊಳ್ಳಿ ಎಂದೆ.

"ನನಗ ಹೇಳಿದ್ದು ಆತು. ಅವರೆಲ್ಲಾರ ಮುಂದ ನಾ ನಂದು ಅಂತ ಒಪ್ಪಿಕೊಂಡೇನಿ. ಅಲ್ಲಿ ಹೇಳ್ರಿ. ಉಳಿದದ್ದು ಆಮ್ಯಾಲೆ ನೋಡ್ತೇನಿ." ಇಟ್ಟುಬಿಟ್ಟರು.

ಗುಂಪಿನಲ್ಲಿ ಬರೆಯಲು ಕೂತೆ. ಮೊದಲನೆಯ ಕರಡು ಎರಡು ಪುಟವಾಯಿತು. ಅದರಲ್ಲಿ "ಸನ್ನಿವೇಶ" ಎನ್ನುವ ಮಾತು ಐದು ಸಲ ಬಂದಿತ್ತು. ಹೆಂಡತಿ ಹೆಗಲ ಮೇಲಿಂದ ಓದಿ, "ಇದರಾಗ ನೀವು ಎಲ್ಲಿದ್ದೀರಿ?" ಎಂದಳು. ಅಳಿಸಿದೆ. ಕೊನೆಗೆ ಹೋದದ್ದು ಇಷ್ಟು: "ಸೋಮವಾರದ ತಪ್ಪು ನನ್ನದು. ನನ್ನ ಮಾಮಾನ ಅಂಗಡಿಗೆಂದು ಮಾಡಲು ಹೋಗಿ ಎಲ್ಲರ ಅಂಗಡಿಗೂ ಮಾಡಿದೆ. ಧಾರವಾಡದ ಮೇಡಮ್ಮರ ಹೆಸರಿದ್ದ ಹಳೆಯ ಲ್ಯಾಪ್‌ಟಾಪಿನಿಂದ ಮಾಡಿದೆ. ಅದೇ ದಿನ ಗೊತ್ತಾಗಿತ್ತು. ಹೇಳಲಿಲ್ಲ, ಹೆದರಿದೆ."

ಯಾರೂ ಏನೂ ಬರೆಯಲಿಲ್ಲ. ಹನ್ನೆರಡನೇ ಪುಟವನ್ನು ಎಲ್ಲರೂ ಅಷ್ಟು ಚೆನ್ನಾಗಿ ಓದಿದ್ದರು. ಒಂದು ಮಾತು ಅನ್ನಬಾರದು ಎಂದು ಬರೆದವನಿಗೆ, ಯಾರಾದರೂ ಒಂದು ಮಾತು ಅನ್ನಲಿ ಎಂದು ಸಂಜೆಯವರೆಗೆ ಫೋನು ಹಿಡಿದು ಕೂಡುವ ಶಿಕ್ಷೆಯಾಯಿತು. ಮಾಮಾನ ಫೋನು ಮಾತ್ರ ಬಂತು. ಅವನ ಅಂಗಡಿ ಇನ್ನೂ ಮಧ್ಯಾಹ್ನ ತೆರೆದೇ ಇತ್ತು. ಇಷ್ಟೆಲ್ಲ ಮಾಡಿ ಅವನದೊಂದನ್ನು ಮುಚ್ಚುವುದು ಎಲ್ಲರಿಗೂ ಮರೆತಿತ್ತು.

ಶುಕ್ರವಾರ ಬೆಳಿಗ್ಗೆ ಎಂಟೂವರೆಯಿಂದಲೇ ಟೇಬಲ್ಲಿನ ಉತ್ತರದ ತುದಿಯಲ್ಲಿ ಕೂತಿದ್ದೆ. ಯಾವಾಗಲೂ ಮೊದಲು ಬರುವುದು ಧಾರವಾಡದ್ದು. ಒಂಬತ್ತಾಯಿತು. ಕೊಲ್ಹಾಪುರದ "ಚಹಾ ಆತು" ಬಂತು. ಉಳಿದವರದೂ ಬಂದವು. ನಾನೂ ಬರೆದೆ, ನನ್ನ ಚಹಾ ಮುಂದೆಯೇ ಆರಿ ಕೆನೆಗಟ್ಟಿತ್ತು. ಒಂಬತ್ತೂ ಐದು. ಒಂಬತ್ತೂ ಹತ್ತು. ಪಕ್ಕದ ಕಟ್ಟಡದವರು ಯಂತ್ರ ಚಾಲೂ ಮಾಡಿದರು. ಹೆಂಡತಿ ಮೆಂತ್ಯದ ಕಟ್ಟು ಬಿಚ್ಚದೆ ಹಾಗೇ ಹಿಡಿದುಕೊಂಡು ಕೂತಿದ್ದಳು.

ಒಂಬತ್ತೂ ಇಪ್ಪತ್ತೆರಡಕ್ಕೆ ಬಂತು.

"ಚಹಾ ಆತು. ಸರ, ನಿಮ್ಮ ಹಳೇ ಲ್ಯಾಪ್‌ಟಾಪಿನ್ದು, ಹೊಸದರದು, ಎರಡೂ ಕೀಲಿ ತಗದು ಹಾಕೇನಿ. ಇನ್ನ ಮ್ಯಾಲೆ ನಿಮಗೇನರೆ ಬೇಕಾದ್ರ ಎಲ್ಲಾರಂಗ ಅರ್ಜಿ ಹಾಕ್ರಿ. ಮಾಮಾರ ಅಂಗಡಿ ಮುಚ್ಚೇನಿ."

ಕಾಗದದ ಬಗ್ಗೆ ಒಂದು ಅಕ್ಷರವಿಲ್ಲ. ಆದರೆ ಕೀಲಿಯನ್ನು ಕಿತ್ತುಕೊಳ್ಳುವವರು ಬಿಟ್ಟುಹೋಗುವವರಲ್ಲ ಎನ್ನುವಷ್ಟು ವ್ಯವಹಾರ ನನಗೂ ತಿಳಿಯುತ್ತದೆ. "ಆಗಲಿರಿ" ಎಂದು ಬರೆದೆ. ಅದರ ಕೆಳಗೆ ಕೊಲ್ಹಾಪುರದವನು ಒಂದು ನಗುವ ಮುಖ ಹಾಕಿದ, ಐದು ದಿನದಲ್ಲಿ ಮೊದಲನೆಯದು.

ಮನಸ್ಸು ತಡೆಯದೆ, ನಿಜವಾಗಿಯೂ ತೆಗೆದಿದ್ದಾರೆಯೇ ಎಂದು ಒಮ್ಮೆ ಒಳಗೆ ಹೋಗಲು ನೋಡಿದೆ. ನಿಮಗೆ ಪ್ರವೇಶವಿಲ್ಲ ಎಂದಿತು. ಇನ್ನೊಮ್ಮೆ ನೋಡಿದೆ. ಮೂರನೇ ಸಲಕ್ಕೆ ಧಾರವಾಡದಿಂದ ಮೆಸೇಜು ಬಂತು, ಗುಂಪಿಗಲ್ಲ, ನನಗೊಬ್ಬನಿಗೇ.

"ಸರ, ನನಗ ಇಲ್ಲಿ ಎಲ್ಲಾ ಕಾಣಸ್ತದ. ಬಾಗಲಾ ಬಡೀಬ್ಯಾಡ್ರಿ."